ವಾಯಿದೆಯ ಚೀಟಿ

ನಮ್ಮ ಹಾವೇರಿಯ ಕಡೆ ಹೋಟೆಲೆಂದರೆ ಚಹಾ, ಉಪ್ಪಿಟ್ಟು, ಮಿರ್ಚಿ ಭಜಿ ದೊರೆಯುವ ಸ್ಥಳ. ರಾತ್ರಿ ತಂಗಬೇಕಾದರೆ ಲಾಡ್ಜಿಗೆ ಹೋಗಬೇಕು. ಈ ಎರಡು ಮಾತುಗಳ ನಡುವಿನ ಗೆರೆ ಇತ್ತೀಚೆಗೆ ಅಳಿಸುತ್ತ ಬಂದಿದೆ. ಅದರಂತೆಯೇ ‘ವೋಚರು’ ಎಂಬ ಮಾತಿನ ಅರ್ಥವೂ ತಿರುಗಿಕೊಂಡಿದೆ. ನಾನು ಕಾಲೇಜಿನಲ್ಲಿದ್ದಾಗ ವೋಚರೆಂದರೆ ಸಂದಾಯವಾದ ಹಣಕ್ಕೆ ಸಾಕ್ಷಿಯಾಗಿ ಲೆಕ್ಕದ ಕಡತ ಸೇರುತ್ತಿದ್ದ ಕಾಗದ. ಅದು ಹಿಂದೆ ನಡೆದುದನ್ನು ಹೇಳುತ್ತಿತ್ತು. ಈಗ ವಸತಿಗೃಹದವರು ಕೊಡುವ ವೋಚರು ಮುಂದೆ ನಡೆಯಬಹುದಾದುದನ್ನು ಹೇಳುತ್ತದೆ: ‘ಇನ್ನೊಮ್ಮೆ ಬನ್ನಿರಿ, ಬಾಡಿಗೆಯಲ್ಲಿ ಇಷ್ಟು ಬಿಡುತ್ತೇವೆ.’ ಇಂಥ ಚೀಟಿಯನ್ನು ಹೇಗೆ ಓದಿಕೊಳ್ಳಬೇಕೆಂಬುದೇ ಇಂದಿನ ನನ್ನ ಮಾತಿನ ವಿಷಯ. ಅದನ್ನು ನಾನು ಕಲಿತದ್ದು ತುಸು ತಡವಾಗಿ.

ರಾಣೇಬೆನ್ನೂರಿನಲ್ಲಿ ನನ್ನ ತಮ್ಮನ ಮಗಳ ಮದುವೆ. ಬೀಗರಿಗಾಗಿ ಒಂದು ಲಾಡ್ಜಿನಲ್ಲಿ ಆರು ಕೋಣೆಗಳನ್ನು ಎರಡು ದಿನದ ಮಟ್ಟಿಗೆ ಗೊತ್ತುಮಾಡಲು ಹೋದೆ. ‘ಆರು ಕೋಣೆ ತೆಗೆದುಕೊಂಡರೆ ಒಂದು ವೋಚರು ಕೊಡುತ್ತೇವೆ, ನಮ್ಮ ಯಾವ ಲಾಡ್ಜಿನಲ್ಲಾದರೂ ಒಂದು ರಾತ್ರಿ ಅರ್ಧ ದರ’ ಎಂದರು ವ್ಯವಸ್ಥಾಪಕರು. ಚೀಟಿಯ ಮುಂಭಾಗದಲ್ಲಿ ‘ಅರ್ಧ ದರ’ ಎಂದು ದೊಡ್ಡ ಕನ್ನಡ ಅಕ್ಷರ. ಹಿಂಭಾಗದಲ್ಲಿ ಸಾಸಿವೆ ಕಾಳಿನಂಥ ಇಂಗ್ಲಿಷ್ ಅಕ್ಷರ. ಹಳಗನ್ನಡ ಪದ್ಯದ ಒಂದೊಂದು ಪ್ರತ್ಯಯಕ್ಕೂ ಅರ್ಥ ಬಿಡಿಸಿ ಹೇಳುವುದನ್ನೇ ವೃತ್ತಿಯಾಗಿ ನಡೆಸಿದ ನಾನು, ಆ ಹಿಂಭಾಗವನ್ನು ಓದದೆ ಚೀಟಿಯನ್ನು ನಿಘಂಟಿನೊಳಗೆ ಇಟ್ಟುಬಿಟ್ಟೆ.

ಹತ್ತು ತಿಂಗಳ ಮೇಲೆ ನಮ್ಮ ಮನೆಯವರಿಗೆ ಹುಬ್ಬಳ್ಳಿಯಲ್ಲಿ ಕಣ್ಣಿನ ಪೊರೆಯ ಶಸ್ತ್ರಕ್ರಿಯೆಯಾಯಿತು. ಮರುದಿನ ಮುಂಜಾನೆ ಮತ್ತೆ ತೋರಿಸಬೇಕು. 70 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕಟ್ಟಿದ ಕಣ್ಣಿನಲ್ಲಿ ಹೋಗಿ ಬರುವುದಕ್ಕಿಂತ ಅಲ್ಲಿಯೇ ಉಳಿಯುವುದು ಮೇಲೆಂದು, ಅದೇ ಸಂಸ್ಥೆಯ ಲಾಡ್ಜಿಗೆ ಹೋಗಿ ಚೀಟಿಯನ್ನು ಮುಂದಿಟ್ಟೆ. ಅಲ್ಲಿದ್ದ ತರುಣ ವಿನಯದಿಂದಲೇ ನಾಲ್ಕು ಕಾರಣ ಹೇಳಿದ. ಎರಡು ದಿನ ಮೊದಲು ತಿಳಿಸಿಲ್ಲ. ಚೀಟಿ ಸೋಮವಾರದಿಂದ ಗುರುವಾರದವರೆಗೆ ಮಾತ್ರ ನಡೆಯುತ್ತದೆ, ಅಂದು ಶುಕ್ರವಾರ. ಅರ್ಧವೆಂದರೆ ಫಲಕದ ದರದಲ್ಲಿ ಅರ್ಧವೇ ಹೊರತು ಆ ದಿನದ ದರದಲ್ಲಿ ಅಲ್ಲ. ನಾಲ್ಕನೆಯದು, ಈ ಚೀಟಿ ಹುಬ್ಬಳ್ಳಿಯ ಶಾಖೆಗೆ ಅನ್ವಯಿಸುವುದೇ ಇಲ್ಲ. ಆಕೆ ಒಂದು ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕುಳಿತಿದ್ದಳು. ವಾದಿಸುವ ಮನಸ್ಸಾಗದೆ ಪೂರ್ಣ ಬಾಡಿಗೆ ಕೊಟ್ಟು ಕೋಣೆ ಸೇರಿದೆವು.

ರಾತ್ರಿ ಆಕೆ, ‘ಅದರೊಳಗ ಏನೇನ ಬರದಾರ, ಓದ್ರಿ ನೋಡೋಣು’ ಎಂದಳು. ನಾನು ಒಂದೊಂದೇ ಸಾಲನ್ನು ಕನ್ನಡಿಸುತ್ತ ಓದಿದೆ. ಮೊದಲಿನ ಮೂರು ಕಾರಣಗಳು ಅಲ್ಲಿ ಸ್ಪಷ್ಟವಾಗಿದ್ದುವು. ನಾಲ್ಕನೆಯದು ಇರಲೇ ಇಲ್ಲ. ‘ಎಲ್ಲ ಶಾಖೆಗಳಲ್ಲಿ’ ಎಂದೇ ಬರೆದಿತ್ತು. ‘ಇದನ್ನ ಚೀಟಿ ಕೊಟ್ಟ ದಿವಸನ ಓದಿದ್ರ ಇವತ್ತ ಓದೂ ಪ್ರಸಂಗ ಬರತಿರಲಿಲ್ಲ ಅಲ್ಲರೀ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಲಾಡ್ಜಿನವರು ಇಂಥ ಚೀಟಿಯನ್ನು ಏಕೆ ಕೊಡುತ್ತಾರೆಂಬುದನ್ನು ತಿಳಿದರೆ ಷರತ್ತುಗಳು ತಾವಾಗಿಯೇ ಅರ್ಥವಾಗುತ್ತವೆ. ಬ್ಯಾಡಗಿಯ ವರ್ತಕನು ಮೆಣಸಿನಕಾಯಿಗೆ ಇಂದು ಧಾರಣೆ ಸಾಲದೆಂದು ತೋರಿದರೆ ಚೀಲಗಳನ್ನು ಶೀತಲಗೃಹದಲ್ಲಿಟ್ಟು ಕಾಯಬಲ್ಲ. ಲಾಡ್ಜಿನ ಕೋಣೆಯನ್ನು ಹಾಗೆ ಕಾಯ್ದಿಡಲಾಗದು. ಇಂದು ರಾತ್ರಿ ಖಾಲಿ ಉಳಿದ ಕೋಣೆ ನಾಳೆ ಮಾರಾಟಕ್ಕೆ ಬಾರದು. ಅದರ ಬೆಲೆ ಬೆಳಗಾಗುವುದರೊಳಗೆ ಸೊನ್ನೆ. ಆದುದರಿಂದ ಖಾಲಿ ಬೀಳುವ ರಾತ್ರಿಗಳನ್ನು ತುಂಬಿಕೊಳ್ಳುವುದಕ್ಕಾಗಿ ಚೀಟಿ ಹುಟ್ಟುತ್ತದೆ. ತಾನಾಗಿಯೇ ತುಂಬುವ ರಾತ್ರಿಗಳನ್ನು ಷರತ್ತು ಹೊರಗಿಡುತ್ತದೆ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಟೆಂಡರಿನ ಹಿಂದಿನ ರಾತ್ರಿ ಬ್ಯಾಡಗಿಯಲ್ಲಾಗಲಿ, ಮದುವೆಯ ಮುಹೂರ್ತಗಳಲ್ಲಿ ರಾಣೇಬೆನ್ನೂರಿನಲ್ಲಾಗಲಿ, 2023ರ ಜನವರಿ 6ರಿಂದ 8ರವರೆಗೆ 86ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ನಮ್ಮ ಹಾವೇರಿಯಲ್ಲಾಗಲಿ ಅರ್ಧ ದರದ ಕೋಣೆಯನ್ನು ನಿರೀಕ್ಷಿಸುವುದು ವ್ಯವಹಾರವನ್ನು ಅರಿಯದವರ ಮಾತು. ನಮಗೆ ಕೋಣೆ ಬೇಕಾಗುವ ದಿನವೇ ಬಹುಮಟ್ಟಿಗೆ ಎಲ್ಲರಿಗೂ ಬೇಕಾಗುವ ದಿನ. ಚೀಟಿಯ ಮುಖ್ಯ ತೊಡಕು ಇದೇ.

ಇನ್ನೊಂದು ಲೆಕ್ಕವೂ ಉಂಟು. ಚೀಟಿ ಪಡೆದವರೆಲ್ಲ ಅದನ್ನು ಬಳಸಲಾರರೆಂಬ ನಂಬಿಕೆಯ ಮೇಲೆ ಕೊಡುವವನು ಕೊಡುತ್ತಾನೆ. ಆ ನಂಬಿಕೆ ಸುಳ್ಳಾದರೆ ಏನಾದೀತೆಂಬುದಕ್ಕೆ ಬ್ರಿಟನ್ನಿನ ಒಂದು ಪ್ರಸಂಗ ಪ್ರಸಿದ್ಧ. 1992ರಲ್ಲಿ ಹೂವರ್ ಕಂಪನಿ, ತನ್ನ ಸರಕನ್ನು 100 ಪೌಂಡಿಗೆ ಮೇಲ್ಪಟ್ಟು ಕೊಂಡವರಿಗೆ ಹೋಗಿಬರುವ ಎರಡು ವಿಮಾನ ಟಿಕೆಟುಗಳನ್ನು ಉಚಿತವಾಗಿ ಕೊಡುವುದಾಗಿ ಸಾರಿತು. ಷರತ್ತುಗಳಿಗೆ ಬೇಸತ್ತು ಜನ ಹಿಂದೆ ಸರಿಯುವರೆಂಬ ಎಣಿಕೆ ತಪ್ಪಿತು. ಕಂಪನಿಗೆ ತಗುಲಿದ ವೆಚ್ಚ ಸುಮಾರು 5 ಕೋಟಿ ಪೌಂಡು.

ಈ ಸಂಗತಿಯನ್ನು ಬ್ಯಾಡಗಿಯಲ್ಲಿ ದಲಾಲಿ ಅಂಗಡಿಯ ಮನೆತನದಲ್ಲಿ ಬೆಳೆದ ನನ್ನ ಹಳೆಯ ಸ್ನೇಹಿತರೊಬ್ಬರಿಗೆ ಹೇಳಿದಾಗ ಅವರು ನಕ್ಕು, ‘ಪ್ರೊಫೆಸರ್ರ, ನೀವು ಅದನ್ನ ಹುಂಡಿ ಅಂತ ತಿಳಕೊಂಡ್ರಿ’ ಎಂದರು. ಹಳೆಯ ವ್ಯಾಪಾರದಲ್ಲಿ ದರ್ಶನಿ ಹುಂಡಿಗೆ ತೋರಿಸಿದೊಡನೆ ಹಣ. ಮುದ್ದತಿ ಹುಂಡಿಗೆ ಗೊತ್ತಾದ ಅವಧಿ ಮುಗಿದ ಮೇಲೆ ಹಣ. ಅವಧಿ ತುಂಬಿದಾಗ ಹುಂಡಿಯ ಹಕ್ಕು ಪಕ್ವವಾಗುತ್ತದೆ. ವೋಚರಿನ ರೀತಿ ಇದಕ್ಕೆ ವಿರುದ್ಧ. ಅವಧಿ ತುಂಬಿದಾಗ ಅದರ ಹಕ್ಕು ಸಾಯುತ್ತದೆ. ನಾವು ಅವಧಿಗೆ ‘ವಾಯಿದೆ’ ಎನ್ನುತ್ತೇವೆ. ಅರಬಿಯ ಮೂಲದಲ್ಲಿ ಆ ಶಬ್ದಕ್ಕೆ ‘ಮಾತು ಕೊಡುವುದು’ ಎಂದರ್ಥ. ಕೊಟ್ಟ ಮಾತಿಗೂ ಅದು ಮುಗಿಯುವ ದಿನಕ್ಕೂ ನಮ್ಮಲ್ಲಿ ಒಂದೇ ಹೆಸರು ಸಂದಿರುವುದು ಈ ಚೀಟಿಯ ಮಟ್ಟಿಗೆ ಬಹಳ ಒಪ್ಪುತ್ತದೆ.

ಆದುದರಿಂದ ಚೀಟಿ ಕೈಗೆ ಬಂದಾಗ ಐದು ಪ್ರಶ್ನೆಗಳನ್ನು ಅಲ್ಲಿಯೇ ಕೇಳಿಕೊಳ್ಳಬೇಕು. ಮೊದಲನೆಯದು ವಾಯಿದೆ: ಕೊನೆಯ ದಿನಾಂಕದೊಳಗೆ ಕೋಣೆ ಗೊತ್ತುಮಾಡಿದರೆ ಸಾಕೆ, ಅಥವಾ ವಾಸ್ತವ್ಯವೇ ಮುಗಿದಿರಬೇಕೆ? ಎರಡನೆಯದು ದಿನ: ವಾರದ ಯಾವ ದಿನ, ಯಾವ ಹಬ್ಬ ಹೊರತು, ಎಷ್ಟು ಮೊದಲು ತಿಳಿಸಬೇಕು? ಮೂರನೆಯದು ವ್ಯಕ್ತಿ: ಹೆಸರಿದ್ದವರೇ ಬರಬೇಕೆ, ಮಗನೋ ಮಗಳೋ ಬಳಸಬಹುದೆ? ನಾಲ್ಕನೆಯದು ಕೂಡಿಕೆ: ಒಂದು ಬಿಲ್ಲಿಗೆ ಎರಡು ಚೀಟಿ ನಡೆದೀತೆ, ಉಳಿದ ಮೊತ್ತ ಮುಂದಕ್ಕೆ ಸಂದೀತೆ, ಬರುವುದು ತಪ್ಪಿದರೆ ಚೀಟಿ ಉಳಿದೀತೆ? ಐದನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದುದು ದರ.

ದರದ ಗುಟ್ಟನ್ನು ಒಂದು ಲೆಕ್ಕದಿಂದ ಹೇಳುತ್ತೇನೆ. ಫಲಕದ ದರ 2400 ರೂಪಾಯಿ. ಅಂದು ಬಂದ ಯಾರಿಗಾದರೂ ಅದೇ ಕೋಣೆ 1800ಕ್ಕೆ ದೊರೆಯುತ್ತದೆ. ಚೀಟಿಯವನು ಫಲಕದ ದರದ ಅರ್ಧ, ಎಂದರೆ 1200 ಕೊಡುತ್ತಾನೆ. ಅವನಿಗೆ ನಿಜವಾಗಿ ಉಳಿದದ್ದು 600. ಅರ್ಧವಲ್ಲ, ಮೂರರಲ್ಲಿ ಒಂದು ಪಾಲು. ಚೀಟಿಯಲ್ಲಿ ನೂರಕ್ಕೆ 25 ಎಂದಿದ್ದರೆ ಉಳಿತಾಯವೇ ಇಲ್ಲ. ತೆರಿಗೆ ಬೇರೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿಯವರೆಗಿನ ಕೋಣೆಗೆ ಜಿಎಸ್‌ಟಿ ನೂರಕ್ಕೆ 5. ರಿಯಾಯಿತಿಯನ್ನು ಬಿಲ್ಲಿನಲ್ಲಿಯೇ ಕಾಣಿಸಿ ಕಳೆದಿದ್ದರೆ ತೆರಿಗೆ ಉಳಿದ 1200ರ ಮೇಲೆ ಮಾತ್ರ, ಎಂದರೆ 60 ರೂಪಾಯಿ.

ಇನ್ನು ಕಾನೂನಿನ ವಿಷಯ. 1872ರ ಕರಾರು ಕಾಯಿದೆಯ 25ನೆಯ ಕಲಮಿನಂತೆ, ಪ್ರತಿಫಲವಿಲ್ಲದ ಕರಾರು ಕೆಲವು ಅಪವಾದಗಳನ್ನು ಬಿಟ್ಟರೆ ಊರ್ಜಿತವಲ್ಲ. ಹೊರಡುವಾಗ ಪ್ರೀತಿಯಿಂದ ಕೈಗಿತ್ತ ಚೀಟಿಗೆ ಹಕ್ಕಿನ ಬಲ ಕಡಿಮೆ. ಆದರೆ ‘ಆರು ಕೋಣೆ ಹಿಡಿದರೆ ಕೊಡುತ್ತೇವೆ’ ಎಂದು ಕೊಟ್ಟದ್ದು ವ್ಯವಹಾರದ ಭಾಗ. ಆಗ ತಿಳಿಸದ ಷರತ್ತನ್ನು ಆಮೇಲೆ ತಾವಾಗಿಯೇ ಸೇರಿಸಲು ಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಜಾಹೀರಾತು ಎಂಬುದರಲ್ಲಿ ಸೂಚನಾಪತ್ರ, ಬಿಲ್ಲು ಮೊದಲಾದ ಕಾಗದಗಳನ್ನೂ ಸೇರಿಸಿದೆ. ದಾರಿತಪ್ಪಿಸುವ ಜಾಹೀರಾತುಗಳನ್ನು ಕುರಿತ 2022ರ ಮಾರ್ಗಸೂಚಿ ಇನ್ನೂ ಸ್ಪಷ್ಟ: ಭರವಸೆ ಯಾವ ಭಾಷೆಯಲ್ಲಿದೆಯೋ ಅದನ್ನು ಸೀಮಿತಗೊಳಿಸುವ ಷರತ್ತೂ ಅದೇ ಭಾಷೆಯಲ್ಲಿ, ಎದ್ದು ಕಾಣುವಂತೆ ಇರಬೇಕು. ಭರವಸೆ ಕನ್ನಡದಲ್ಲಿ, ನಿರ್ಬಂಧ ಇಂಗ್ಲಿಷಿನಲ್ಲಿ ಎಂಬ ರೂಢಿಯನ್ನು ನಾವು ಒಪ್ಪಿಕೊಳ್ಳಬೇಕಾದ ಕಾರಣವಿಲ್ಲ. 1915 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಹೇಳಬಹುದು. ಲಾಡ್ಜು ಬೇರೆ ಊರಿನಲ್ಲಿದ್ದರೂ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವೂ ಇಲ್ಲ.

ನಾನು ಆಯೋಗದವರೆಗೆ ಹೋಗಲಿಲ್ಲ. ಬರೆದಿದ್ದ ಮೂರು ಕಾರಣಗಳನ್ನು ಒಪ್ಪಿ, ಬರೆಯದಿದ್ದ ನಾಲ್ಕನೆಯದನ್ನು ಮಾತ್ರ ಪ್ರಶ್ನಿಸಿ ಆ ಸಂಸ್ಥೆಗೆ ಒಂದು ಕಾಗದ ಬರೆದೆ. ಅದು ತಮ್ಮವರ ತಪ್ಪೆಂದು ಉತ್ತರ ಬಂದಿತು. ಮರುತಿಂಗಳು ಆಕೆಯ ಇನ್ನೊಂದು ಕಣ್ಣಿನ ಶಸ್ತ್ರಕ್ರಿಯೆ. ವೈದ್ಯರನ್ನು ಕೇಳಿ ಮಂಗಳವಾರವನ್ನು ಗೊತ್ತುಮಾಡಿಸಿಕೊಂಡೆ. ನಾಲ್ಕು ದಿನ ಮೊದಲೇ ಲಾಡ್ಜಿಗೆ ತಿಳಿಸಿ, ಒಪ್ಪಿಗೆಯನ್ನು ಬರೆಹದಲ್ಲಿ ಪಡೆದೆ. ಆ ರಾತ್ರಿಯ ಬಿಲ್ಲು 1260 ರೂಪಾಯಿ.

ಬಿಲ್ಲಿನ ಕೆಳಗೆ ಮತ್ತೆ ಸಣ್ಣ ಅಕ್ಷರದ ಎರಡು ಸಾಲುಗಳಿದ್ದುವು. ನಾನು ಕನ್ನಡಕಕ್ಕಾಗಿ ಕಿಸೆ ತಡಕುತ್ತಿದ್ದೆ. ಆಕೆ ಕಾಗದವನ್ನು ತೆಗೆದುಕೊಂಡು, ಹಿಂದಿನ ತಿಂಗಳು ಗುಣವಾದ ಕಣ್ಣಿನಿಂದ ಅವನ್ನು ತಾನೇ ಓದಿದಳು. ಓದಿ ಮುಗಿಸಿದ ಮೇಲೆಯೇ ಹಣ ಕೊಡಲು ಹೇಳಿದಳು.