ಈ ತಾರೀಖು ಯಾವ ವಾರ?

ಅಕ್ಕಂದಿರೇ, ಚೀಟಿಯಲ್ಲಿ ಬರೆದ ತಾರೀಖನ್ನು ಈಗ ನಾವೇ ಓದುತ್ತೇವೆ. ಆದರೆ ತಾರೀಖಿನ ಪಕ್ಕದಲ್ಲಿ ವಾರ ಬರೆದಿರುವುದಿಲ್ಲ. 'ಇಪ್ಪತ್ತೆರಡನೇ ತಾರೀಖು ಬ್ಯಾಂಕಿಗೆ ಹೋಗೋಣ' ಅಂತ ಸಂಘದವರೆಲ್ಲ ಮಾತಾಡಿಕೊಂಡು, ಗಾಜನೂರಿನಲ್ಲಿ ಬಸ್ಸು ಹತ್ತಿ, ಶಿವಮೊಗ್ಗದಲ್ಲಿ ಇಳಿದು ನೋಡಿದರೆ ಬಾಗಿಲಿಗೆ ಬೀಗ! ಅವತ್ತು ನಾಲ್ಕನೇ ಶನಿವಾರ. ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ದುಡ್ಡಿಲ್ಲ, ಸರಿ. ಆದರೆ ಅಡಿಕೆ ಸುಲಿಯುವ ಒಂದು ದಿನದ ಕೂಲಿ ಹೋಯಿತಲ್ಲ, ಅದನ್ನು ಯಾರು ಕೊಡ್ತಾರೆ?

ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದರೆ ನೋಡಬಹುದು. ಮೊಬೈಲಿನಲ್ಲೂ ಸಿಗುತ್ತದೆ. ಆದರೆ ಹಳೇ ಕ್ಯಾಲೆಂಡರ್ ಮಕ್ಕಳ ಪುಸ್ತಕದ ರಟ್ಟಾಗಿರುತ್ತದೆ. ಮೊಬೈಲೂ ಮಕ್ಕಳ ಕೈಯಲ್ಲೇ ಇರುತ್ತದೆ. ಕೂಡುವುದು, ಕಳೆಯುವುದು, ಏಳರ ಮಗ್ಗಿ, ಇಷ್ಟು ಬಂದರೆ ವಾರವನ್ನು ನಾವೇ ಹೇಳಬಹುದು.

ವಾರಕ್ಕೆ ಏಳು ದಿನ. 1ನೇ ತಾರೀಖು ಬುಧವಾರವಾದರೆ 8, 15, 22, 29 ಕೂಡ ಬುಧವಾರವೇ. ಎರಡನೇ ಶನಿವಾರ ಯಾವ ತಿಂಗಳಾದರೂ 8ರಿಂದ 14ರ ಒಳಗೇ ಬರುತ್ತದೆ. ನಾಲ್ಕನೆಯದು 22ರಿಂದ 28ರ ಒಳಗೆ. 2015ರ ಸೆಪ್ಟೆಂಬರಿನಿಂದ ಈ ಎರಡು ಶನಿವಾರ ಬ್ಯಾಂಕಿಗೆ ರಜೆ.

ತಿಂಗಳು ದಾಟಿದರೆ ವಾರ ಮುಂದಕ್ಕೆ ಜಾರುತ್ತದೆ. ಎಷ್ಟು ಜಾರುತ್ತದೆ? ಮುಷ್ಟಿ ಕಟ್ಟಿ. ಬೆರಳಿನ ಗೆಣ್ಣಿನ ಮೇಲೆ ಜನವರಿ, ಪಕ್ಕದ ತಗ್ಗಿನಲ್ಲಿ ಫೆಬ್ರವರಿ, ಮತ್ತೆ ಗೆಣ್ಣಿಗೆ ಮಾರ್ಚ್, ಹೀಗೆ ಎಣಿಸಿ. ಕೊನೆಯ ಗೆಣ್ಣಿಗೆ ಜುಲೈ ಬರುತ್ತದೆ. ಆಗಸ್ಟನ್ನು ಮತ್ತೆ ಮೊದಲ ಗೆಣ್ಣಿನಿಂದ ಶುರುಮಾಡಿ. ಗೆಣ್ಣಿನ ತಿಂಗಳಿಗೆಲ್ಲ 31 ದಿನ. ತಗ್ಗಿನ ತಿಂಗಳಿಗೆ 30, ಫೆಬ್ರವರಿಗೆ ಮಾತ್ರ 28. 31 ದಿನದಲ್ಲಿ ನಾಲ್ಕು ವಾರ ಹೋಗಿ 3 ದಿನ ಉಳಿಯುತ್ತದೆ. 30ರಲ್ಲಿ 2 ಉಳಿಯುತ್ತದೆ. 28ರಲ್ಲಿ ಏನೂ ಉಳಿಯುವುದಿಲ್ಲ.

ಈ ಉಳಿದ ದಿನಗಳನ್ನು ಕೂಡುತ್ತಾ ಹೋದರೆ ಪ್ರತಿ ತಿಂಗಳಿಗೂ ಒಂದು ಗುರುತಿನ ಅಂಕಿ ಸಿಗುತ್ತದೆ. ಜನವರಿಗೆ 1 ಅಂತ ಇಟ್ಟುಕೊಳ್ಳೋಣ. ಫೆಬ್ರವರಿಗೆ 3 ಸೇರಿ 4. ಮಾರ್ಚಿಗೂ 4. ಏಪ್ರಿಲ್‌ಗೆ ಮತ್ತೆ 3 ಸೇರಿ 7. ಏಳು ಬಂದರೆ ವಾರ ತುಂಬಿತು, 0 ಬರೆಯಿರಿ.

ಜನವರಿ 1, ಫೆಬ್ರವರಿ 4, ಮಾರ್ಚ್ 4
ಏಪ್ರಿಲ್ 0, ಮೇ 2, ಜೂನ್ 5
ಜುಲೈ 0, ಆಗಸ್ಟ್ 3, ಸೆಪ್ಟೆಂಬರ್ 6
ಅಕ್ಟೋಬರ್ 1, ನವೆಂಬರ್ 4, ಡಿಸೆಂಬರ್ 6

ಫೋನ್ ನಂಬರಿನ ಹಾಗೆ ಬಾಯಿಪಾಠ ಮಾಡಿ: 144, 025, 036, 146. ಮರೆತರೆ ಹೆದರಬೇಡಿ, ಮುಷ್ಟಿ ನಮ್ಮ ಕೈಯಲ್ಲೇ ಇದೆ.

ವರ್ಷಕ್ಕೆ 365 ದಿನ. ಅಂದರೆ 52 ವಾರ, ಮೇಲೆ ಒಂದು ದಿನ. ಅದಕ್ಕೇ ವರ್ಷಕ್ಕೆ ಒಂದು ವಾರದ ಹೆಸರು ಜಾರುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಗೆ 29 ದಿನ ಬಂದಾಗ ಇನ್ನೊಂದು ಜಾರುತ್ತದೆ. ಇದಕ್ಕೆ ಅಧಿಕ ವರ್ಷ ಅಂತಾರೆ. ಪಂಚಾಂಗದ ಅಧಿಕ ಮಾಸವೇ ಬೇರೆ, ಇದೇ ಬೇರೆ.

ಈಗ ಸ್ವಾತಂತ್ರ್ಯ ಬಂದ ದಿನ ನೋಡೋಣ, 15 ಆಗಸ್ಟ್ 1947. ವರ್ಷದ ಕೊನೆಯ ಎರಡು ಅಂಕಿ 47. ಅದರ ಕಾಲುಭಾಗ 11, ಉಳಿದದ್ದು ಬಿಡಿ. ಆಗಸ್ಟಿನ ಗುರುತು 3. ತಾರೀಖು 15. ಕೂಡಿದರೆ 76. ಇದರಲ್ಲಿ ಏಳು ಹತ್ತಲೆ ಎಪ್ಪತ್ತು ಕಳೆಯಿರಿ, 6 ಉಳಿಯಿತು. ಭಾನುವಾರ 1, ಸೋಮವಾರ 2, ಹೀಗೆ ಎಣಿಸಿದರೆ 6 ಶುಕ್ರವಾರ. ಏನೂ ಉಳಿಯದಿದ್ದರೆ ಶನಿವಾರ.

2000ದಿಂದ ಈಚಿನ ತಾರೀಖಾದರೆ ಒಟ್ಟು ಮೊತ್ತದಲ್ಲಿ 1 ಕಳೆಯಬೇಕು. ಯಾಕೆ? ನೂರು ವರ್ಷಕ್ಕೆ ನೂರು ಸಲ, ಅಧಿಕ ವರ್ಷಕ್ಕೆಂದು 25 ಸಲ, ಒಟ್ಟು 125 ಸಲ ವಾರ ಜಾರಿತು. ಏಳೇಳು ತೆಗೆದರೆ 6 ಉಳಿಯುತ್ತದೆ, ವಾರ ತುಂಬಲು ಒಂದು ಕಡಿಮೆ. ನಮಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಶುರುವಾಗಿದ್ದು 11 ಜೂನ್ 2023. 23, 5, 5, 11 ಕೂಡಿದರೆ 44. ಒಂದು ಕಳೆದರೆ 43. ಏಳಾರಲೆ ನಲವತ್ತೆರಡು ಹೋಗಿ 1. ಭಾನುವಾರ.

2024, 2028ರಂಥ ಅಧಿಕ ವರ್ಷದ ಜನವರಿ, ಫೆಬ್ರವರಿಗೆ ಇನ್ನೂ ಒಂದು ಕಳೆಯಿರಿ. ಆ ಹೆಚ್ಚಿನ ದಿನ ಬರುವುದು ಫೆಬ್ರವರಿ ಕೊನೆಯಲ್ಲಿ ತಾನೇ?

ಈ ಲೆಕ್ಕ ಹೆಚ್ಚು ಬೇಕಾಗುವುದು ಹುಟ್ಟಿದ ತಾರೀಖಿಗೆ. ತಾಯಂದಿರಿಗೆ ತಾರೀಖು ಮರೆತರೂ ವಾರ ನೆನಪಿರುತ್ತದೆ. 'ಸಂತೆ ದಿನ ನೋವು ಬಂತು', 'ಬೇಸ್ತವಾರ ಬೆಳಗಿನ ಜಾವ' ಅಂತಾರೆ. ಕಾಗದದ ತಾರೀಖಿಗೂ ತಾಯಿ ಹೇಳುವ ವಾರಕ್ಕೂ ತಾಳೆ ಹಾಕಿ ನೋಡಬಹುದು.

ತಾಳೆ ಆಗದಿದ್ದರೆ ತಾಯಿಯದೇ ತಪ್ಪು ಅಂತ ಹೇಳಿಬಿಡಬೇಡಿ. ಮಗಳು ಹುಟ್ಟಿದ್ದು ಸೋಮವಾರ ರಾತ್ರಿ ಅಂತ ತಾಯಿ ಹೇಳ್ತಾಳೆ, ಜನನ ಪತ್ರದಲ್ಲಿ 9 ಮಾರ್ಚ್ 1999 ಇದೆ ಅಂತಿಟ್ಟುಕೊಳ್ಳಿ. 99, 24, 4, 9 ಕೂಡಿದರೆ 136. 133 ಕಳೆದರೆ 3, ಮಂಗಳವಾರ. ಯಾರ ಮಾತು ಸರಿ? ಹೆರಿಗೆ ಆಗಿದ್ದು ರಾತ್ರಿ ಎರಡು ಗಂಟೆಗಾದರೆ ಇಬ್ಬರದೂ ಸರಿ. ನಮ್ಮ ಹಿರಿಯರಿಗೆ ಸೂರ್ಯ ಹುಟ್ಟಿದ ಮೇಲೆ ಹೊಸ ದಿನ. ಆಸ್ಪತ್ರೆಯ ಗಡಿಯಾರದಲ್ಲಿ ರಾತ್ರಿ 12 ಹೊಡೆದರೆ ಹೊಸ ದಿನ. ಒಂದೇ ದಿನದ ವ್ಯತ್ಯಾಸ ಬಂದರೆ ಮೊದಲು 'ಎಷ್ಟು ಹೊತ್ತಿಗೆ?' ಅಂತ ಕೇಳಿ. ಮೂರು ನಾಲ್ಕು ದಿನದ ವ್ಯತ್ಯಾಸ ಬಂದರೆ ಕಾಗದ ಬರೆಯುವಾಗ ಎಲ್ಲೋ ತಪ್ಪಿರಬಹುದು, ಇಲ್ಲವೇ ನೆನಪು ತಪ್ಪಿರಬಹುದು. ಶಾಲೆಗೆ ಸೇರಿಸುವ ಮೊದಲೇ ವಿಚಾರಿಸುವುದು ಒಳ್ಳೆಯದು. ದಾಖಲೆಗೆ ಒಮ್ಮೆ ಹತ್ತಿದ ತಾರೀಖನ್ನು ತಿದ್ದಿಸಲು ಬಹಳ ಅಲೆಯಬೇಕಾಗುತ್ತದೆ.

ಈಗ ನೀವು ಒಂದು ಹಾಕಿ ನೋಡಿ. ನಮ್ಮ ಜಿಲ್ಲೆಯ ಕುಪ್ಪಳಿಯ ಕುವೆಂಪು ಹುಟ್ಟಿದ್ದು 29 ಡಿಸೆಂಬರ್ 1904. ವರ್ಷ 4, ಅದರ ಕಾಲು 1. ಮುಂದಿನದು ನಿಮಗೆ. ಗುರುವಾರ ಬಂದರೆ ಸರಿ. ಶುಕ್ರವಾರ ಬಂದರೆ ಡಿಸೆಂಬರಿನ ಗುರುತು ಏಳು ಅಂತ ಹಾಕಿದ್ದೀರಿ, ಇನ್ನೊಮ್ಮೆ ಮುಷ್ಟಿ ಕಟ್ಟಿ.