ಮನೆಯಲ್ಲೇ ಫೈಬರ್‌ಗ್ಲಾಸ್ ಅಚ್ಚು: ಮೇಲ್ಪದರದ ಎಪಾಕ್ಸಿ ಆಯ್ಕೆ ಹೇಗೆ?

ಬೈಕಿನ ಮಡ್‌ಗಾರ್ಡ್ ಇರಲಿ, ಪುಟ್ಟ ದೋಣಿಯಿರಲಿ, ಮಾದರಿ ವಿಮಾನದ ರೆಕ್ಕೆಯಿರಲಿ. ಫೈಬರ್‌ಗ್ಲಾಸ್‌ನಲ್ಲಿ ಒಂದೇ ಆಕಾರದ ವಸ್ತುಗಳನ್ನು ಮತ್ತೆ ಮತ್ತೆ ತಯಾರಿಸಬೇಕಾದರೆ ಮೊದಲು ಅಚ್ಚು ಬೇಕು. ಮೂಲ ಮಾದರಿಯನ್ನು ಕೆತ್ತಿ, ಉಪ್ಪು ಕಾಗದ ಹಿಡಿದು ನುಣುಪುಗೊಳಿಸಲು ಹವ್ಯಾಸಿಗಳು ವಾರಗಟ್ಟಲೆ ಶ್ರಮಿಸುತ್ತಾರೆ. ಆದರೆ ಅಚ್ಚಿನ ಮೇಲ್ಪದರ ಕೈಕೊಟ್ಟರೆ ಆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ. ಮೇಲ್ಪದರದಲ್ಲಿ ಉಳಿದ ಒಂದು ಗುಳ್ಳೆ, ಆ ಅಚ್ಚಿನಿಂದ ಹೊರಬರುವ ಪ್ರತಿಯೊಂದು ವಸ್ತುವಿನ ಮೇಲೂ ಮೂಡುತ್ತದೆ.

ಏನಿದು ಮೇಲ್ಪದರ?

ಮೇಣ ಸವರಿದ ಮೂಲ ಮಾದರಿಯ ಮೇಲೆ ಮೊತ್ತಮೊದಲು ಹಚ್ಚುವ ದಪ್ಪ ರೆಸಿನ್ನೇ ಮೇಲ್ಪದರ. ಇದರ ಹಿಂದೆ ಗಾಜಿನ ನಾರಿನ ಬಟ್ಟೆಯನ್ನು ರೆಸಿನ್‌ನಲ್ಲಿ ತೋಯಿಸಿ ಪದರ ಪದರವಾಗಿ ಕೂರಿಸಲಾಗುತ್ತದೆ. ಬಟ್ಟೆಯ ನೇಯ್ಗೆ ಮೇಲ್ಮೈಯಲ್ಲಿ ಮೂಡದಂತೆ ತಡೆಯುವುದು, ಸವೆತವನ್ನು ತಾಳಿಕೊಳ್ಳುವುದು ಹಾಗೂ ಹೊಳಪು ಪಡೆಯುವುದು ಮೇಲ್ಪದರದ ಕೆಲಸ. ಸಾಮಾನ್ಯ ಎಪಾಕ್ಸಿ ರೆಸಿನ್ ನೀರಾಗಿರುವುದರಿಂದ ನಿಂತ ಗೋಡೆಗಳಿಂದ ಕೆಳಗೆ ಇಳಿದುಬಿಡುತ್ತದೆ. ಹೀಗಾಗಿ ಮೇಲ್ಪದರದ ಎಪಾಕ್ಸಿಗೆ ಅತಿ ಸೂಕ್ಷ್ಮ ಸಿಲಿಕಾ ಪುಡಿ ಸೇರಿಸಿ ಗಟ್ಟಿಗೊಳಿಸಿರುತ್ತಾರೆ.

ಪಾಲಿಯೆಸ್ಟರೋ, ಎಪಾಕ್ಸಿಯೋ?

ಒಂದೆರಡು ವಸ್ತುಗಳಷ್ಟೇ ಸಾಕು, ಅಳತೆಯಲ್ಲಿ ಅಲ್ಪ ವ್ಯತ್ಯಾಸವಾದರೂ ಚಿಂತೆಯಿಲ್ಲ ಎನ್ನುವವರಿಗೆ ಪಾಲಿಯೆಸ್ಟರ್ ಜೆಲ್‌ಕೋಟ್ ಅಗ್ಗದ ದಾರಿ. ಆದರೆ ಗಟ್ಟಿಯಾಗುವಾಗ ಪಾಲಿಯೆಸ್ಟರ್ ಗಾತ್ರದಲ್ಲಿ ಸುಮಾರು ಶೇ. 5ರಿಂದ 8ರಷ್ಟು ಕುಗ್ಗುತ್ತದೆ. ಎಪಾಕ್ಸಿಯ ಕುಗ್ಗುವಿಕೆ ಇದಕ್ಕಿಂತ ಬಹಳ ಕಡಿಮೆ. ಎರಡು ಭಾಗಗಳು ಕರಾರುವಾಕ್ಕಾಗಿ ಕೂಡಬೇಕಾದಲ್ಲಿ ಎಪಾಕ್ಸಿಯ ದುಬಾರಿ ಬೆಲೆಗೆ ಇದೇ ಸಮರ್ಥನೆ. ಮೂಲ ಮಾದರಿ ಥರ್ಮೋಕೋಲ್‌ನದ್ದಾಗಿದ್ದರೆ ಇನ್ನೊಂದು ಅಂಶವನ್ನೂ ಗಮನಿಸಬೇಕು: ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕರಗಿಸುತ್ತದೆ, ಎಪಾಕ್ಸಿ ಕರಗಿಸುವುದಿಲ್ಲ.

ಎರಡನ್ನೂ ಬೆರೆಸುವ ಲೆಕ್ಕಾಚಾರ ಅಪಾಯಕಾರಿ. ಪೂರ್ತಿ ಗಟ್ಟಿಯಾಗದ ಎಪಾಕ್ಸಿಯಲ್ಲಿ ಉಳಿದ ಅಮೈನ್, ಅದರ ಮೇಲೆ ಹಚ್ಚಿದ ಪಾಲಿಯೆಸ್ಟರ್ ಗಟ್ಟಿಯಾಗುವುದನ್ನೇ ತಡೆಯುತ್ತದೆ. ಆದ್ದರಿಂದ ಎಪಾಕ್ಸಿ ಮೇಲ್ಪದರಕ್ಕೆ ಎಪಾಕ್ಸಿ ಬೆನ್ನುಪದರವೇ ಸೂಕ್ತ. ಎಪಾಕ್ಸಿ ಅಚ್ಚಿನಲ್ಲಿ ಪಾಲಿಯೆಸ್ಟರ್ ವಸ್ತು ತಯಾರಿಸಬಹುದಾದರೂ, ಅಚ್ಚು ಸಂಪೂರ್ಣ ಗಟ್ಟಿಯಾಗಿ ಅದಕ್ಕೆ ಹಲವು ಸಲ ಮೇಣ ಹಚ್ಚಿರಬೇಕು.

ಖರೀದಿಗೆ ಮುನ್ನ

ಡಬ್ಬಿಯ ಜೊತೆ ಬರುವ ಮಾಹಿತಿ ಪತ್ರದಲ್ಲಿ ಮೂರು ಅಂಶಗಳನ್ನು ಓದಲೇಬೇಕು. ಮೊದಲನೆಯದು ಶಾಖ ತಾಳುವ ಮಿತಿ. ಕೋಣೆಯ ತಾಪಮಾನದಲ್ಲೇ ಗಟ್ಟಿಯಾದ ಅನೇಕ ಎಪಾಕ್ಸಿಗಳು 50ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಮೆದುವಾಗತೊಡಗುತ್ತವೆ. ಬಿಸಿಲಿಗಿಟ್ಟ ಕಪ್ಪು ಅಚ್ಚು ಈ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಎರಡನೆಯದು ಪುಡಿಯ ಬಗೆ. ಅಲ್ಯೂಮಿನಿಯಂ ಪುಡಿ ಬೆರೆತ ಮೇಲ್ಪದರ ಶಾಖವನ್ನು ಬೇಗ ಹರಡುತ್ತದೆ; ಸಿಲಿಕಾನ್ ಕಾರ್ಬೈಡ್‌ನಂಥ ಗಡುಸು ಪುಡಿಯಿದ್ದರೆ ಸವೆತ ಕಡಿಮೆ, ಆದರೆ ಉಜ್ಜಿ ತಿದ್ದುವುದು ಕಷ್ಟ. ಮೂರನೆಯದು ಕೆಲಸದ ಅವಧಿ. ತಾಪಮಾನ 10 ಡಿಗ್ರಿ ಏರಿದರೆ ಈ ಅವಧಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ನಿಧಾನವಾಗಿ ಗಟ್ಟಿಯಾಗುವ ಹಾರ್ಡನರ್ ಕೊಳ್ಳುವುದು ಜಾಣತನ.

ಪ್ರಮಾಣದ ಅಂದಾಜು ಸರಳ. ಒಂದು ಚದರ ಮೀಟರಿಗೆ ಅರ್ಧ ಮಿಲಿಮೀಟರ್ ದಪ್ಪ ಹಚ್ಚಲು ಅರ್ಧ ಲೀಟರ್, ಅಂದರೆ ಸರಿಸುಮಾರು 600ರಿಂದ 700 ಗ್ರಾಂ ಬೇಕು.

ಹಚ್ಚುವ ಕ್ರಮ

ಪಾಲಿಯೆಸ್ಟರ್‌ನಲ್ಲಿ ಹಾರ್ಡನರ್ ಪ್ರಮಾಣವನ್ನು ಮಿತಿಯೊಳಗೆ ಹೆಚ್ಚುಕಡಿಮೆ ಮಾಡಬಹುದು. ಎಪಾಕ್ಸಿಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಹಾರ್ಡನರ್ ಹೆಚ್ಚು ಸುರಿದರೆ ಬೇಗ ಗಟ್ಟಿಯಾಗುವುದಿಲ್ಲ, ಪದರ ದುರ್ಬಲವಾಗುತ್ತದಷ್ಟೇ. ಆದ್ದರಿಂದ ತಕ್ಕಡಿಯಲ್ಲಿ ತೂಗಿಯೇ ಬೆರೆಸಬೇಕು. ಹೆಚ್ಚು ರೆಸಿನ್ನನ್ನು ಒಂದೇ ಡಬ್ಬಿಯಲ್ಲಿ ಕಲಸಿಟ್ಟರೆ ತಾನಾಗಿಯೇ ಬಿಸಿಯೇರಿ ಹೊಗೆಯಾಡೀತು.

ಮೊದಲ ಕೋಟನ್ನು ತೆಳ್ಳಗೆ, ಮೂಲೆಮೂಲೆಗೂ ಬ್ರಷ್ಷಿನಿಂದ ಒತ್ತಿ ಹಚ್ಚಬೇಕು. ಬೆರಳಿಟ್ಟರೆ ಗುರುತು ಮೂಡಬೇಕು, ಆದರೆ ಬೆರಳಿಗೆ ಅಂಟಬಾರದು. ಆ ಹದದಲ್ಲಿ ಎರಡನೆಯ ಕೋಟು. ಅದೂ ಅದೇ ಹದಕ್ಕೆ ಬಂದಾಗ ಚೂಪು ಮೂಲೆಗಳಿಗೆ ರೆಸಿನ್ ಮತ್ತು ಪುಡಿಯ ಲೇಪ ತುಂಬಿ, ತೆಳುವಾದ ಬಟ್ಟೆಯಿಂದ ಆರಂಭಿಸಬೇಕು. ಹದ ಮೀರಿದರೆ ಪದರಗಳು ಮುಂದೆ ಬಿಟ್ಟುಕೊಳ್ಳುವ ಸಂಭವವಿದೆ.

ಮಳೆಗಾಲದ ಕರಾವಳಿಯಲ್ಲಿ ಇನ್ನೊಂದು ತೊಡಕುಂಟು. ತೇವದ ಗಾಳಿಯಲ್ಲಿ ಕೆಲವು ಎಪಾಕ್ಸಿಗಳ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಗಟ್ಟಿಯಾದ ಪದರದ ಮೇಲೆ ಇದು ಕಂಡರೆ ನೀರಿನಿಂದ ತೊಳೆದು, ಒಣಗಿಸಿ, ಉಜ್ಜಿದ ನಂತರವೇ ಮುಂದಿನ ಪದರ ಹಾಕಬೇಕು.

ಆರೋಗ್ಯ ಜೋಪಾನ

ಎಪಾಕ್ಸಿಗೆ ಹೆಚ್ಚು ವಾಸನೆ ಇಲ್ಲವೆಂದು ಉದಾಸೀನ ಸಲ್ಲದು. ಪದೇಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ನೈಟ್ರೈಲ್ ಕೈಗವಸು, ಗಾಳಿಯಾಡುವ ಜಾಗ, ಉಜ್ಜುವಾಗ ದೂಳು ತಡೆಯುವ ಮುಖಗವಸು ಕಡ್ಡಾಯ. ಚರ್ಮಕ್ಕೆ ತಾಗಿದ್ದನ್ನು ಥಿನ್ನರ್‌ನಿಂದ ಒರೆಸದೆ ಸೋಪು ನೀರಿನಿಂದ ತೊಳೆಯಬೇಕು.

ಕೊನೆಯದಾಗಿ, ಮೂಲ ಮಾದರಿಗೆ ಕೈಹಚ್ಚುವ ಮುನ್ನ ಅದಕ್ಕೆ ಬಳಸಿದ ಬಣ್ಣ, ಮೇಣ, ಮೇಲ್ಪದರ ಎಲ್ಲವನ್ನೂ ಒಂದು ಹಲಗೆಯ ತುಂಡಿನ ಮೇಲೆ ಪರೀಕ್ಷಿಸಿ ನೋಡುವುದು ಕ್ಷೇಮ. ಆ ತುಂಡು ಅಂಟಿಕೊಂಡರೆ ನಷ್ಟ ನೂರು ಗ್ರಾಂ ರೆಸಿನ್ ಮಾತ್ರ. ಮಾದರಿಯೇ ಅಂಟಿಕೊಂಡರೆ ವಾರಗಟ್ಟಲೆಯ ಕೆಲಸ ಮೊದಲಿನಿಂದ.