ಎತ್ತರದ ಹ್ಯಾಂಡಲ್ಲೋ, ನೇರ ಹ್ಯಾಂಡಲ್ಲೋ?

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ವಾಹನದ ಮಾತು ಬಂದೊಡನೆ ಎರಡು ಪಕ್ಷಗಳು ಏಳುವುದುಂಟು. ದಾದರಿನಂಥ ಜಾಗದಲ್ಲಿ, ಪಶ್ಚಿಮ ರೇಲ್ವೆಯೂ ಮಧ್ಯ ರೇಲ್ವೆಯೂ ಕೂಡುವಲ್ಲಿ, ಸ್ವಂತ ವಾಹನವೇಕೆ ಎಂಬುದು ಹಿರಿಯರ ಪಕ್ಷ. ಕಚೇರಿಗೆ ಲೋಕಲ್ ಇರಲಿ, ಭಾನುವಾರಕ್ಕೂ ಊರಿನ ದಾರಿಗೂ ಒಂದು ಮೋಟಾರ್ ಸೈಕಲ್ ಬೇಡವೇ ಎಂಬುದು ತರುಣರ ಪಕ್ಷ. ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಎಜ್ಡಿಗಳ ಸದ್ದನ್ನು ಕೇಳಿ ಬೆಳೆದ ಹಿರಿಯರು ಕೊನೆಗೆ ಸೋಲುವುದೂ ಉಂಟು! ಹೊಸದರ ಬೆಲೆ ಸಂಬಳಕ್ಕೆ ಎಟುಕದಾಗ ಕಣ್ಣು ಸೆಕೆಂಡ್ ಹ್ಯಾಂಡ್ ಕಡೆಗೆ ಹೊರಳುತ್ತದೆ. ಅಲ್ಲಿ ತರುಣರ ಮನ ಸೆಳೆಯುವುದು ಕ್ರೂಸರ್.

ಕ್ರೂಸರ್ ಎಂದರೆ ತಗ್ಗಾದ ಆಸನ, ಮುಂದಕ್ಕೆ ಚಾಚಿದ ಚಕ್ರ, ಕಾಲು ನೀಡಿ ಕುಳಿತುಕೊಳ್ಳುವ ಠೀವಿ. ಅಮೇರಿಕದ ಉದ್ದನೆಯ ನೇರ ರಸ್ತೆಗಳಲ್ಲಿ ಬೆಳೆದ ಈ ರೂಪವನ್ನು ನಮ್ಮ ಮಧ್ಯಮ ವರ್ಗಕ್ಕೆ ಪರಿಚಯಿಸಿದವುಗಳಲ್ಲಿ 2001ರ ಕವಾಸಾಕಿ ಬಜಾಜ್ ಎಲಿಮಿನೇಟರ್ ಮುಖ್ಯವಾದುದು. ಅದರ ಉತ್ತರಾಧಿಕಾರಿಯಾಗಿ 2005ರಲ್ಲಿ ಅವೆಂಜರ್ ಬಂತು. 2015ರ ಅಕ್ಟೋಬರಿನಲ್ಲಿ ಅದೇ ಅವೆಂಜರ್ ಎರಡು ವೇಷಗಳನ್ನು ತೊಟ್ಟಿತು: ಒಂದು ಕ್ರೂಸ್, ಇನ್ನೊಂದು ಸ್ಟ್ರೀಟ್. ಹಳೆಯ ಗಾಡಿ ಕೊಳ್ಳುವವನ ಮುಂದೆ ಇಂದು ನಿಲ್ಲುವ ಪ್ರಶ್ನೆಯೂ ಇದೇ: ಇವೆರಡರಲ್ಲಿ ಯಾವುದು?

ಎಂಜಿನು ಒಂದೇ

ಮೊದಲಿಗೆ ಒಂದು ಭ್ರಮೆಯನ್ನು ಕಳೆದುಕೊಳ್ಳುವುದು ಮೇಲು. 220 ಸಿ.ಸಿ.ಯ ಕ್ರೂಸಿಗೂ ಸ್ಟ್ರೀಟಿಗೂ ಎಂಜಿನು ಒಂದೇ. ಸುಮಾರು 19 ಅಶ್ವಶಕ್ತಿ. ಚಕ್ರದಿಂದ ಚಕ್ರಕ್ಕೆ ಅಂತರವೂ ಒಂದೇ, 1490 ಮಿಲಿಮೀಟರು. ವ್ಯತ್ಯಾಸವಿರುವುದು ಕೈಗೆ ಸಿಗುವ ಹ್ಯಾಂಡಲ್ಲಿನಲ್ಲಿ, ಚಕ್ರದಲ್ಲಿ, ಹಿಂದಿನ ಆಸನದಲ್ಲಿ ಮತ್ತು ಬಣ್ಣದಲ್ಲಿ. ಕ್ರೂಸಿಗೆ ಎತ್ತರದ ಹ್ಯಾಂಡಲ್ಲು, ಕಡ್ಡಿಗಳ ಚಕ್ರ, ಥಳಥಳಿಸುವ ಕ್ರೋಮು. ಸ್ಟ್ರೀಟಿಗೆ ತಗ್ಗಾದ ನೇರ ಹ್ಯಾಂಡಲ್ಲು, ಅಲಾಯ್ ಚಕ್ರ, ಮೈಯೆಲ್ಲ ಕಪ್ಪು.

ಇನ್ನೊಂದು ಎಚ್ಚರಿಕೆ: ಸ್ಟ್ರೀಟ್ ಎಂದೊಡನೆ 220 ಎಂದು ತಿಳಿಯಬಾರದು. 2015ರಲ್ಲಿ 150, 2018ರಲ್ಲಿ 180, 2019ರಲ್ಲಿ 160 ಸಿ.ಸಿ.ಯ ಸ್ಟ್ರೀಟುಗಳೂ ಬಂದಿವೆ. ಇಬ್ಬರು ಕುಳಿತು ಘಾಟಿ ಹತ್ತುವಾಗ ಈ ಅಂತರ ತಿಳಿಯುತ್ತದೆ. ಮಾರುವವನ ಬಾಯಿಮಾತಿಗಿಂತ ಆರ್.ಸಿ.ಯಲ್ಲಿ ನಮೂದಾದ ಸಿ.ಸಿ.ಯನ್ನು ನಂಬಿ.

ನಗರದೊಳಗೆ ಹೇಳುವುದಾದರೆ ಸ್ಟ್ರೀಟಿಗೆ ಒಂದು ಅಂಕ ಹೆಚ್ಚು. ರಾನಡೆ ರಸ್ತೆಯ ಜನಜಂಗುಳಿಯಲ್ಲಿ, ಟ್ಯಾಕ್ಸಿ, ಕೈಗಾಡಿಗಳ ನಡುವೆ ನುಸುಳುವಾಗ ತಗ್ಗಿನ ಹ್ಯಾಂಡಲ್ಲು ಮುಂದಿನ ಚಕ್ರವನ್ನು ಹೆಚ್ಚು ಹತೋಟಿಯಲ್ಲಿಡುತ್ತದೆ. ಎತ್ತರದ ಹ್ಯಾಂಡಲ್ಲು ಹಿಡಿದು ಸಿಗ್ನಲಿನಿಂದ ಸಿಗ್ನಲಿಗೆ ಕ್ಲಚ್ ಒತ್ತುವುದು ತೋಳಿಗೆ ದಣಿವು. ಆದರೆ ಎರಡಕ್ಕೂ ಉದ್ದ ಹೆಚ್ಚೆಂಬುದನ್ನು ಮರೆಯಬಾರದು. ನಮಗೆಲ್ಲ ಪರಿಚಿತವಾದ ಸ್ಪ್ಲೆಂಡರಿಗಿಂತ ಚಕ್ರಗಳ ಅಂತರ ಒಂದು ಗೇಣಿನಷ್ಟು ಅಧಿಕ. ಚಾಳಿನ ಅಂಗಳದಲ್ಲಿ ತಿರುಗಿಸಿ ನಿಲ್ಲಿಸಲು ಜಾಗವಿದೆಯೇ ಎಂದು ಅಳೆದು ನೋಡಿದ ಮೇಲೆಯೇ ಮುಂದಿನ ಮಾತು.

ಹೆದ್ದಾರಿಗೆ ಬಂದರೆ ತಕ್ಕಡಿ ಕ್ರೂಸಿನ ಕಡೆಗೆ ವಾಲುತ್ತದೆ. ಗಾಳಿತಡೆಯ ಗಾಜಿದ್ದರೆ ಎದೆಗೆ ಹೊಡೆಯುವ ಗಾಳಿ ತಗ್ಗುತ್ತದೆ, ಬೆನ್ನು ನೆಟ್ಟಗಿರುತ್ತದೆ. ಆದರೆ ನಮಗೆ ಯಾವ ಹೆದ್ದಾರಿ ಸಿಕ್ಕುತ್ತದೆ? ಬಾಂದ್ರಾ–ವರಳಿ ಸಮುದ್ರ ಸೇತುವೆ, ಕೋಸ್ಟಲ್ ರೋಡ್, ಅಟಲ್ ಸೇತು, ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಮಾರ್ಗ, ಈ ನಾಲ್ಕರಲ್ಲಿಯೂ ಮೋಟಾರ್ ಸೈಕಲ್ಲಿಗೆ ಪ್ರವೇಶವಿಲ್ಲ. ಊರಿಗೆ ಹೊರಟವನು ಸಾಯನ್, ಪನವೇಲ್ ದಾಟಿ, ಖೋಪೋಲಿಯಿಂದ ಹಳೆಯ ರಸ್ತೆಯಲ್ಲಿ ಘಾಟಿ ಹತ್ತಿ, ಪುಣೆ, ಸಾತಾರಾ, ಕೊಲ್ಹಾಪುರಗಳ ಮೂಲಕ ಬೆಳಗಾವಿ ಸೇರಬೇಕು. ಸುಮಾರು 480 ಕಿಲೋಮೀಟರು. ಉಡುಪಿ, ಮಂಗಳೂರಿನವರಿಗೆ ಪನವೇಲಿನಿಂದ ಕೊಂಕಣದ ಹೆದ್ದಾರಿ. ವರ್ಷಕ್ಕೆ ಎಷ್ಟು ಸಲ ಈ ದಾರಿಯಲ್ಲಿ ಹೋಗುವಿರಿ? ಎಷ್ಟು ಸಲ ರಾನಡೆ ರಸ್ತೆಯಲ್ಲಿ? ಉತ್ತರವನ್ನು ಪ್ರಾಮಾಣಿಕವಾಗಿ ಬರೆದಿಟ್ಟುಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ಹಿಂದೆ ಕೂರುವವರು

ಉಳಿದ ಅರ್ಧ ಹಿಂದಿನ ಆಸನದ್ದು. ಗಾಡಿ ನೋಡಲು ಗೆಳೆಯರಿಬ್ಬರು ಹೋಗುತ್ತಾರೆ, ಸದ್ದು ಕೇಳಿ ತಲೆದೂಗುತ್ತಾರೆ, ಮುಂಗಡ ಕೊಟ್ಟು ಬರುತ್ತಾರೆ. ಮನೆಗೆ ಬಂದ ಮೇಲೆ ಗೃಹಿಣಿ ಕೇಳುವ ಪ್ರಶ್ನೆ: “ಎಲ್ಲಾ ಸರಿಯೇ ಅನ್ನಿ, ಇದರಲ್ಲಿ ನಾನೆಲ್ಲಿ ಕೂರಲಿ?” ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡರೆ ಎಷ್ಟೋ ಮನಸ್ತಾಪ ತಪ್ಪುತ್ತದೆ.

ಕ್ರೂಸಿನಲ್ಲಿ ಸಾಮಾನ್ಯವಾಗಿ ಹಿಂದಿನವರಿಗೆ ಒರಗುವ ಮೆತ್ತೆಯಿರುತ್ತದೆ. ಹಿಂದಿನ ಮಾಲಿಕ ಅದನ್ನು ಕಳಚಿರುವ ಸಂಭವವೂ ಉಂಟು. ಸೀರೆಯುಟ್ಟು ಒಂದೇ ಕಡೆಗೆ ಕಾಲು ಹಾಕಿ ಕೂರುವವರಿಗೆ ಒರಗುಮೆತ್ತೆಗಿಂತ ಮುಖ್ಯವಾದುದು ಹಿಡಿಕೆ, ಕಾಲಿಡುವ ಜಾಗ ಮತ್ತು ಸೀರೆ ಸಿಕ್ಕದಂತೆ ಹಿಂದಿನ ಚಕ್ರವನ್ನು ಮರೆಮಾಡುವ ಸ್ಯಾರಿ ಗಾರ್ಡ್. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಈ ಮೂರನ್ನೂ ಕಡ್ಡಾಯ ಮಾಡಿದೆ. ಆದರೂ ಅಂದ ಕೆಡುತ್ತದೆಂದು ಸ್ಯಾರಿ ಗಾರ್ಡನ್ನು ಕಿತ್ತೆಸೆದ ಗಾಡಿಗಳೂ ಉಂಟು. ಅದಿಲ್ಲದೆ ಗಾಡಿಯನ್ನು ಮನೆಗೆ ತರಬೇಡಿ. ಅಗ್ಗದ ವಸ್ತು, ಅದು ಕಾಯುವುದು ಜೀವವನ್ನು.

ಮುಂಬಯಿಯಲ್ಲಿ 2022ರ ಜೂನಿನಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಇಲ್ಲದಿದ್ದರೆ ದಂಡವಿದೆ. ಆದುದರಿಂದ ಲೆಕ್ಕದಲ್ಲಿ ಎರಡು ಹೆಲ್ಮೆಟ್ ಹಿಡಿಯಿರಿ. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ಹೊಸ ಗಾಡಿಗಳಿಗೆಲ್ಲ ಎ.ಬಿ.ಎಸ್. ಬ್ರೇಕು ಕಡ್ಡಾಯವಾಯಿತು. ಮಳೆಗಾಲದ ಜಾರುರಸ್ತೆಯಲ್ಲಿ ಒಮ್ಮೆಲೇ ಬ್ರೇಕು ಒತ್ತಿದಾಗ ಚಕ್ರ ಬಿಗಿದು ಜಾರದಂತೆ ಇದು ತಡೆಯುತ್ತದೆ. ಸಂಸಾರವಂದಿಗರು ಸ್ವಲ್ಪ ಹೆಚ್ಚು ತೆತ್ತಾದರೂ ಆ ಬಳಿಕದ ಗಾಡಿಯನ್ನೇ ಆರಿಸುವುದು ವಿವೇಕ.

ನೀರು ಮತ್ತು ತುಕ್ಕು

ಮುಂಬಯಿಯ ಗಾಡಿಗೆ ಇಬ್ಬರು ಶತ್ರುಗಳು: ಸಮುದ್ರದ ಉಪ್ಪುಗಾಳಿ ಮತ್ತು ಮಳೆಗಾಲದ ನಿಂತ ನೀರು. ಕ್ರೂಸಿನ ಕ್ರೋಮು ದೂರದಿಂದ ಹೊಳೆದರೂ ಕಡ್ಡಿಗಳ ಬುಡದಲ್ಲಿ, ಸೈಲೆನ್ಸರಿನ ಕೆಳಭಾಗದಲ್ಲಿ ತುಕ್ಕು ಅಡಗಿರುತ್ತದೆ. ಸಣ್ಣ ಪಾನದಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ನೋಡಿ. ಬಿಗಿಯಾದದ್ದು ಟಣ್ ಎನ್ನುತ್ತದೆ, ಸಡಿಲಾದದ್ದು ಮೊದ್ದಾಗಿ ನುಡಿಯುತ್ತದೆ. ಸ್ಟ್ರೀಟಿನ ಅಲಾಯ್ ಚಕ್ರಕ್ಕೆ ಈ ಕಾಟವಿಲ್ಲ. ಆದರೆ ಗುಂಡಿಗೆ ಬಿದ್ದು ಬಿರುಕು ಬಿಟ್ಟರೆ ಚಕ್ರವನ್ನೇ ಬದಲಿಸಬೇಕು. ಕಡ್ಡಿಯ ಚಕ್ರ ಸೊಟ್ಟಗಾದರೆ ಬಹುಮಟ್ಟಿಗೆ ಕುಶಲಿಯಾದ ಮಿಸ್ತ್ರಿ ಸರಿಪಡಿಸಬಲ್ಲ. ಚಕ್ರವನ್ನು ನೆಲದಿಂದೆತ್ತಿ ತಿರುಗಿಸಿದರೆ ಸೊಟ್ಟು ಕಣ್ಣಿಗೇ ಕಾಣುತ್ತದೆ.

ಮಳೆ ಜೋರಾದರೆ ದಾದರ್ ಪೂರ್ವದ ಹಿಂದಮಾತಾದಲ್ಲಿ ನೀರು ನಿಲ್ಲುವುದನ್ನು ಕಾಣದ ಮುಂಬಯಿಗನಿಲ್ಲ. ಅಂಥ ನೀರಿನಲ್ಲಿ ಮುಳುಗೆದ್ದ ಗಾಡಿ ಬೇಸಗೆಯಲ್ಲಿ ಬಣ್ಣ ಬಳಿದುಕೊಂಡು ಮಾರಾಟಕ್ಕೆ ನಿಲ್ಲಬಹುದು. ಆಸನವನ್ನು ಬಿಚ್ಚಿಸಿ, ವಾಯರುಗಳ ಸಂದಿಯಲ್ಲಿ ಕೆಸರಿನ ಪುಡಿಯಿದೆಯೇ ನೋಡಿ. ಎಂಜಿನ್ ಆಯಿಲು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ಅರ್ಥ. ನೀವು ಹೋಗುವ ಮೊದಲೇ ಎಂಜಿನು ಬಿಸಿಯಾಗಿದ್ದರೆ, ತಣ್ಣಗಿರುವಾಗ ಅದು ಸುಲಭವಾಗಿ ಹತ್ತುವುದಿಲ್ಲವೇನೋ ಎಂದು ಸಂಶಯಪಡಿ. ಇನ್ನೊಂದು ದಿನ ಬೆಳಿಗ್ಗೆ ಹೇಳದೆ ಹೋಗಿ.

ಕಾಗದಪತ್ರ

ಕಡತಗಳ ನಡುವೆ ದಿನ ಕಳೆಯುವ ನನ್ನಂಥವನು ಇಷ್ಟನ್ನು ಒತ್ತಿ ಹೇಳಲೇಬೇಕು. ಚಾಸಿ ಸಂಖ್ಯೆಯೂ ಎಂಜಿನ್ ಸಂಖ್ಯೆಯೂ ಆರ್.ಸಿ.ಯೊಡನೆ ತಾಳೆಯಾಗಬೇಕು. ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. ಸಾಲದ ಗಾಡಿಯಾದರೆ ಬ್ಯಾಂಕು ಸಹಿ ಮಾಡಿದ 35ನೆಯ ನಮೂನೆ. ಕೊಂಡವನು 30 ದಿನಗಳೊಳಗೆ, ಮಾರಿದವನು ಅದೇ ರಾಜ್ಯದೊಳಗಾದರೆ 14 ದಿನಗಳೊಳಗೆ ಆರ್.ಟಿ.ಒ.ಗೆ ತಿಳಿಸಬೇಕೆಂಬುದು 1988ರ ಮೋಟಾರು ವಾಹನ ಕಾಯಿದೆ. ಮಾರುವವರೂ ಇದನ್ನು ಗಮನಿಸಬೇಕು. ಗಾಡಿ ಎಷ್ಟು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. “ಪರಿಚಯದವನೇ ಅಲ್ಲವೇ, ಆಮೇಲೆ ಹೆಸರು ಬದಲಿಸಿದರಾಯಿತು” ಎಂಬ ದಾಕ್ಷಿಣ್ಯದ ಬೆಲೆ ಅಷ್ಟು ದೊಡ್ಡದು.

ನಮ್ಮವರಿಗೆ ಇನ್ನೊಂದು ಪ್ರಶ್ನೆಯಿದೆ. ನಾಳೆ ನಿವೃತ್ತರಾಗಿಯೋ ವರ್ಗವಾಗಿಯೋ ಊರಿಗೆ ಮರಳಿದರೆ ಈ ಎಂ.ಎಚ್. ಗಾಡಿಯ ಗತಿಯೇನು? ಬೇರೆ ರಾಜ್ಯದಲ್ಲಿ 12 ತಿಂಗಳಿಗೆ ಮೀರಿ ಇಟ್ಟುಕೊಂಡರೆ ಅಲ್ಲಿಯ ಸಂಖ್ಯೆಯನ್ನು ಪಡೆಯಬೇಕು. ಇಲ್ಲಿಯ ಆರ್.ಟಿ.ಒ.ದಿಂದ ನಿರಾಕ್ಷೇಪಣಾ ಪತ್ರ ಬೇಕು. ಕರ್ನಾಟಕದ ತೆರಿಗೆಯನ್ನು ಕಟ್ಟಬೇಕು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ, ತೀರ ಹಳೆಯದನ್ನು ಅಗ್ಗವೆಂದು ಕೊಂಡು ಊರಿಗೆ ಸಾಗಿಸುವುದು ಲಾಭದ ಬಾಬಲ್ಲ.

ಹಾಗಾದರೆ ಯಾವುದು? ಒಬ್ಬನೇ, ನಗರದೊಳಗೆ, ದಿನವೂ ಓಡಿಸುವವನಿಗೆ ಸ್ಟ್ರೀಟ್. ಇಬ್ಬರು ಕೂಡಿ ತಿಂಗಳಿಗೊಮ್ಮೆ ದೂರ ಹೋಗುವವರಿಗೆ, ತುಕ್ಕು ಒರೆಸುವ ತಾಳ್ಮೆಯಿದ್ದವರಿಗೆ ಕ್ರೂಸ್. ಎರಡು ಒಂದೇ ಬೆಲೆಗೆ ಸಿಕ್ಕಿದರೆ, ಕಾಗದ ಚೊಕ್ಕವಿದ್ದುದನ್ನು ಕೊಳ್ಳಿ, ಬಣ್ಣ ಯಾವುದೇ ಇರಲಿ. ಮಾತು ಮುಗಿಸುವ ಮುನ್ನ ಮನೆಯವರನ್ನು ಹಿಂದೆ ಕೂರಿಸಿಕೊಂಡು ಅರ್ಧ ಗಂಟೆ ಓಡಿಸಿ ನೋಡಿ. ಇಳಿದ ಮೇಲೆ ಅವರು ಸೊಂಟ ಹಿಡಿದುಕೊಂಡರೆ ನಮಸ್ಕಾರ ಹೇಳಿ ಬನ್ನಿ. ಇನ್ನೂ ಸ್ವಲ್ಪ ದೂರ ಹೋಗೋಣವೇ ಎಂದರೆ ಮುಂಗಡ ಕೊಡಿ.